ಹುಟ್ಟುಕಿವಿಯ ಊನ: ಮೊದಲು ಶ್ರವಣ, ಬಳಿಕ ರೂಪ



ಈ ಆರೋಗ್ಯ ಪ್ರದರ್ಶನದ ವಿಷಯ ಮೈಕ್ರೋಷಿಯಾ, ಅಂದರೆ ಹೊರಕಿವಿಯು ಹುಟ್ಟಿನಿಂದಲೇ ಚಿಕ್ಕದಾಗಿ, ಮುದುಡಿಕೊಂಡು ಅಥವಾ ಬರಿಯ ತೊಗಲಿನ ಗಂಟಿನಂತೆ ಉಳಿದಿರುವ ಸ್ಥಿತಿ. ಗರ್ಭಧಾರಣೆಯ ಮೊದಲ ಎರಡು ತಿಂಗಳಲ್ಲಿ ಮೂಡುವ ಆರು ಪುಟ್ಟ ಉಬ್ಬುಗಳು ಕೂಡಿ ಹೊರಕಿವಿಯಾಗುತ್ತವೆ. ಆ ಬೆಳವಣಿಗೆ ಕುಂಠಿತವಾದಾಗ ಈ ಊನ ಉಂಟಾಗುತ್ತದೆಯೇ ಹೊರತು ಬಸುರಿಯು ಗ್ರಹಣಕಾಲದಲ್ಲಿ ಹೊರಗೆ ಬಂದುದರಿಂದಲ್ಲ. ಆದಕಾರಣ ತಾಯಿಯನ್ನು ದೂರುವುದು ಅನ್ಯಾಯವೇ ಸರಿ.

ಇಂಥ ಮಕ್ಕಳಲ್ಲಿ ಅನೇಕರಿಗೆ ಕಿವಿಯ ನಾಳವೂ ಮುಚ್ಚಿರುತ್ತದೆ, ಆದರೆ ಒಳಕಿವಿ ಸಾಮಾನ್ಯವಾಗಿ ಸರಿಯಾಗಿರುವುದರಿಂದ ತಲೆಬುರುಡೆಯ ಕಂಪನದ ಮೂಲಕ ಶಬ್ದವನ್ನು ಮುಟ್ಟಿಸುವ ಶ್ರವಣ ಸಾಧನವನ್ನು ತಲೆಪಟ್ಟಿಯಲ್ಲಿ ಹಸುಳೆಗೂ ತೊಡಿಸಬಹುದು. ಎರಡೂ ಕಿವಿಗಳು ಊನವಾಗಿದ್ದರೆ ಮಾತು ಕಲಿಯುವ ವಯಸ್ಸು ಮೀರುವ ಮುನ್ನವೇ ಇದು ಆಗಬೇಕು; ಒಂದೇ ಕಿವಿಯಾದರೂ ಪರೀಕ್ಷೆ ತಪ್ಪಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯೂ, 1965ರಲ್ಲಿ ಸ್ಥಾಪನೆಗೊಂಡ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಈ ಕಾರ್ಯಕ್ಕೆ ನೆರವಾಗುತ್ತವೆ.

ರೂಪದ ಚಿಕಿತ್ಸೆಗೆ ಮಾತ್ರ ಕಾಯಲು ಅವಕಾಶವಿದೆ, ಅದರಲ್ಲಿ ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದರಲ್ಲಿ ಮಗುವಿನದೇ ಪಕ್ಕೆಲುಬಿನ ಮೃದ್ವಸ್ಥಿಯನ್ನು, ಅಂದರೆ ಬಾಗುವ ಎಳೆಯ ಎಲುಬನ್ನು ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ ಚರ್ಮದಡಿ ಇಡುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಟ್ಯಾನ್ಜರ್ 1959ರಲ್ಲಿ ಪ್ರಕಟಿಸಿದ ಈ ಕ್ರಮವನ್ನು ಮತ್ತೊಬ್ಬ ಶಸ್ತ್ರವೈದ್ಯ ಬ್ರೆಂಟ್ ಬೆಳೆಸಿದರೆ, ಜಪಾನಿನ ಶಸ್ತ್ರವೈದ್ಯ ನಾಗಾತ ಎರಡು ಹಂತಗಳಿಗೆ ಇಳಿಸಿ, ಮಗುವಿಗೆ ಸುಮಾರು 10 ವರ್ಷವಾಗಿ ಎದೆಯ ಸುತ್ತಳತೆ 60 ಸೆಂಟಿಮೀಟರ್ ಮುಟ್ಟುವವರೆಗೆ ಕಾಯಬೇಕೆಂದರು. ಎದೆಯಲ್ಲಿ ಗಾಯದ ಕಲೆ ಉಳಿದರೂ, ಸ್ವಂತ ಅಂಗಾಂಶವಾದ್ದರಿಂದ ಈ ಕಿವಿ ಬಹುಕಾಲ ಬಾಳುತ್ತದೆ. ಎರಡನೆಯದರಲ್ಲಿ ರಂಧ್ರಮಯ ಪಾಲಿಎಥಿಲೀನ್ ಚೌಕಟ್ಟನ್ನು ನೆತ್ತಿಪಕ್ಕದ ತೆಳುಪೊರೆಯಿಂದ ಹೊದಿಸುತ್ತಾರೆ. ಇದನ್ನು ಎಳವೆಯಲ್ಲೇ, ಬಹುತೇಕ ಒಂದೇ ಹಂತದಲ್ಲಿ ಮಾಡಬಹುದಾದರೂ ಪೆಟ್ಟು ಬಿದ್ದರೆ ಚೌಕಟ್ಟು ಮುರಿಯುವ ಅಥವಾ ಚರ್ಮ ಸವೆದು ಹೊರಗೆ ಕಾಣಿಸುವ ಅಪಾಯವಿದೆ. ಮೂರನೆಯದು ಎಲುಬಿನಲ್ಲಿ ಕೂಡಿಸಿದ ಟೈಟಾನಿಯಂ ತಿರುಪುಗಳಿಗೆ ಸಿಕ್ಕಿಸುವ ಸಿಲಿಕೋನ್ ಕಿವಿ. ನೋಟಕ್ಕೆ ಸಹಜವಾದರೂ ಇದಕ್ಕೆ ನಿತ್ಯ ಶುಚಿಯೂ, ಕೆಲವು ವರ್ಷಗಳಿಗೊಮ್ಮೆ ಬದಲಾವಣೆಯೂ ಬೇಕು.

ಈ ಮೂರರಲ್ಲಿ ಯಾವುದನ್ನೂ ಬಯಸದೆ ಇದ್ದಂತೆಯೇ ಇರುವುದು ಕೂಡ ಗೌರವಾರ್ಹವಾದ ಆಯ್ಕೆ. ಆ ತೀರ್ಮಾನದಲ್ಲಿ, ತಿಳಿವಳಿಕೆ ಬಂದ ಮಗುವಿನ ಮಾತಿಗೇ ಹೆಚ್ಚಿನ ತೂಕವಿರಬೇಕು. ಆದರೆ ಶ್ರವಣ ಪರೀಕ್ಷೆಯ ವಿಷಯದಲ್ಲಿ ಹಿರಿಯರು ಅಷ್ಟು ಕಾಲ ಕಾಯುವಂತಿಲ್ಲ. ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಲ್ಲಿ ಕಿವಿಯ ಊನದೊಡನೆ ಹುಟ್ಟುವ ಪ್ರತಿಯೊಂದು ಶಿಶುವೂ ಮೊದಲ ತಿಂಗಳುಗಳಲ್ಲೇ ಶ್ರವಣ ತಜ್ಞರನ್ನು ತಲುಪಲಿ ಎಂಬ ಹಾರೈಕೆಯೊಂದಿಗೆ ಈ ಪ್ರದರ್ಶನವು ಉದ್ಘಾಟನೆಗೊಂಡಿದೆ ಎಂದು ಘೋಷಿಸಲಾಗುತ್ತಿದೆ.