ಮರೆವೂ ಮರೆವಿನ ರೋಗವೂ
(ಹೈದರಾಬಾದಿನ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಹೊಟೇಲಿನಲ್ಲಿ ನಮ್ಮೊಡನೆ ಹಿರಿಯ ಸಪ್ಲೈಯರ್ ಒಬ್ಬರಿದ್ದರು. ಹನ್ನೆರಡು ಮೇಜಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿಟ್ಟುಕೊಂಡು ಗಲ್ಲಾಕ್ಕೆ ಬಿಲ್ಲು ಕೂಗುತ್ತಿದ್ದವರು. ಬರಬರುತ್ತಾ ದೋಸೆ ಕೊಟ್ಟ ಮೇಜಿಗೇ ಮತ್ತೆ ದೋಸೆ ಒಯ್ಯತೊಡಗಿದರು. ಧಣಿಗಳು ನಷ್ಟವನ್ನು ಸಂಬಳದಲ್ಲಿ ಮುರಿದುಕೊಂಡರು. ನಾವೋ, "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕೆವು. ಒಂದು ರಾತ್ರಿ, ವರ್ಷಗಟ್ಟಲೆ ನಡೆದ ದಾರಿಯಲ್ಲೇ ಕೋಣೆ ಸಿಗದೆ ಕಾಚಿಗುಡ ಸ್ಟೇಷನ್ನಿನಲ್ಲಿ ಕುಳಿತಿದ್ದರು. ಆಗ ನಮ್ಮ ನಗು ನಿಂತಿತು. ಧಣಿಯದು ಒಂದು ತಪ್ಪಾದರೆ ನಮ್ಮದು ಇನ್ನೊಂದು. ಅದಕ್ಕಾಗಿಯೇ ಈ ಮಾತು.

ವಯಸ್ಸಾದಂತೆ ಎಲ್ಲರಿಗೂ ಮರೆವುಂಟು. ಮಿದುಳಿನಲ್ಲಿ ನರಕೋಶದಿಂದ ನರಕೋಶಕ್ಕೆ ಸುದ್ದಿ ಸಾಗುವ ದಾರಿಗಳಿವೆ. ಮುಪ್ಪಿನಲ್ಲಿ ಆ ಸಾಗಾಟ ನಿಧಾನವಾಗುತ್ತದೆ. ಗಿರಾಕಿಯ ಹೆಸರು ಬೇಕೆಂದಾಗ ಬಾರದು, ಆಮೇಲೆ ತಾನಾಗಿ ಬಂದೀತು. ಇದು ರೋಗವಲ್ಲ. ರೋಗದಲ್ಲಿ ದಾರಿಯೇ ಕಡಿದುಹೋಗುತ್ತದೆ. ಅಲ್ಜೈಮರ್ ಎಂಬ ರೋಗದಲ್ಲಿ, ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಸಾಮಾನ್ಯವಾಗಿ ಮೊದಲೇ ಸವೆಯುತ್ತದೆ. ಆದ್ದರಿಂದ ಬಾಲ್ಯದ ಜಾತ್ರೆ ನೆನಪಿರುತ್ತದೆ, ಬೆಳಿಗ್ಗೆ ತಿಂದದ್ದು ನೆನಪಿರುವುದಿಲ್ಲ. ಕೇಳಿದ್ದನ್ನೇ ಕೇಳುವುದು, ಗೊತ್ತಿದ್ದ ದಾರಿ ತಪ್ಪುವುದು, ಕೈಪಳಗಿದ ಕೆಲಸ ಕೆಡುವುದು, ಇವು ಗುರುತುಗಳು.

ನಮ್ಮ ಈ ನಗರದಲ್ಲೇ, ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ, ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಇಂಥ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗಿಂತ ಇವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಕಂಡಿತು. ಕೋಣೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗಿರಾಕಿಯೊಡನೆ ಉರ್ದು ಆಡುವ ನಮಗೆ ಇದು ಸಂತೋಷದ ಸುದ್ದಿ. ಆದರೆ ತಡವಾಯಿತೆಂದರೆ ತಪ್ಪಿತೆಂದಲ್ಲ. ನಮ್ಮ ಹಿರಿಯರಿಗೂ ಮೂರು ಭಾಷೆ ಬರುತ್ತಿತ್ತು.

ಅಲ್ಜೈಮರನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಥೈರಾಯ್ಡಿನ ಕೊರತೆ, ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅದಕ್ಕೆ ಚಿಕಿತ್ಸೆಯಿದೆ. ಪರೀಕ್ಷಿಸದೆ ಯಾವುದೆಂದು ತಿಳಿಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆಯನ್ನು ಹದ್ದಿನಲ್ಲಿಡಬೇಕು, ಬೀಡಿ ಬಿಡಬೇಕು.

ಬಂಧುಗಳೇ, ಇನ್ನು ಮುಂದೆ ಜೊತೆಯವರು ತಡವರಿಸಿದರೆ ನಗಬೇಡಿ. ರಜೆ ಹಾಕಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ವೈದ್ಯರು ನೋಡುವ ಮೊದಲು ಯಾರ ಸಂಬಳವನ್ನೂ ಮುರಿಯಕೂಡದು, ಯಾರನ್ನೂ ಕೆಲಸದಿಂದ ತೆಗೆಯಕೂಡದು. ಇದನ್ನು ನಮ್ಮ ಬೇಡಿಕೆಗಳಲ್ಲಿ ಸೇರಿಸಬೇಕೆಂದು ಈ ಸಭೆಯ ಮುಂದಿಡುತ್ತೇವೆ.