ಬಿಸಿಲಿನ ವಾರ, ಕಪಿಲೆಯ ದಂಡೆ



ನಂಜನಗೂಡಿನಲ್ಲಿ ಈ ವಾರ ಬೆಳಗ್ಗೆ ಹತ್ತಕ್ಕೇ ನೆಲ ಕಾದ ಕಾವಲಿ. ಶ್ರೀಕಂಠೇಶ್ವರನ ಗುಡಿಗೆ ಬರಿಗಾಲಲ್ಲಿ ಬಂದವರು ಓಡೋಡಿ ನೆರಳು ಸೇರುತ್ತಾರೆ. ಸ್ನಾನಘಟ್ಟದಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ನೆತ್ತಿಗೆ ಬೊಗಸೆ ನೀರು ಸುರಿಯುತ್ತಾ, "ಇನ್ನೊಂದ್ಸಲ ಮುಳುಗು ಮಗಾ, ತಂಪಾಯ್ತದೆ" ಅನ್ನುತ್ತಿದ್ದರು.

ಆ ತಂಪು ದೂರದ್ದು. ಕಬಿನಿ ಎಂದೂ ಕರೆಯುವ ಈ ಕಪಿಲೆ ನದಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮುಂಗಾರಿನಲ್ಲಿ ಸುರಿದ ಮಳೆಯನ್ನು ಕಬಿನಿ ಜಲಾಶಯ ಹಿಡಿದಿಟ್ಟು ಬೇಸಿಗೆಗೆ ಉಳಿಸುತ್ತದೆ. ನಾವು ಕಾಣದ ಬೆಟ್ಟದಲ್ಲಿ, ನಾವು ಮರೆತ ತಿಂಗಳಲ್ಲಿ ಬಿದ್ದ ಹನಿ ಈ ಮಗುವನ್ನು ತಣಿಸುತ್ತಿದೆ. ನನಗಂತೂ ಇದು ಸಣ್ಣ ಸಂಗತಿಯಲ್ಲ. ಆ ಬೆಟ್ಟದ ಕಾಡು ಉಳಿಯಬೇಕು ಎಂಬ ಆಸೆ ನಂಜನಗೂಡಿನವರಿಗೂ ಇರಬೇಕಾದದ್ದೇ.

ಅದೇ ನೀರು ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನರ ನಂಬಿಕೆ. ಅಕ್ಕಪಕ್ಕದವರೆಲ್ಲ ಸಂಜೆ ಸಂಗಮದತ್ತ ನಡೆಯುವ ಕಾಲ ಇದು. ಶಾಲೆಗೆ ರಜೆ, ಮಕ್ಕಳಿಗೆ ನೀರೆಂದರೆ ಪ್ರಾಣ. ಮೇಲೆ ಶಾಂತವಾಗಿ ಕಂಡರೂ ಎರಡು ಹೊಳೆ ಸೇರುವಲ್ಲಿ ಸುಳಿಯಿದೆ, ಮರಳಿನಡಿ ಗುಂಡಿಯಿದೆ. ಇಳಿಯುವ ಮುನ್ನ ಆಳವೆಷ್ಟೆಂದು ಅಲ್ಲಿಯ ಅಂಬಿಗರನ್ನು ಕೇಳಿ, ಮಕ್ಕಳ ಕೈ ಮಾತ್ರ ಬಿಡಬೇಡಿ.