ಗೋಡೆಯ ಕೊಳ, ಕಿಟಕಿಯಾಚೆಯ ಕೆರೆ

(ಮಲೆನಾಡಿನ ವಿದ್ಯಾರ್ಥಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಚಿತ್ರಕಾರನಲ್ಲ, ಚಿತ್ರಗಳಿಗೆ ಚೌಕಟ್ಟು ಕಟ್ಟುವವನು. ಈ ಘಟ್ಟದಿಂದ ಹೊರಟು ಬೆಂಗಳೂರಿನ ಬೆಳ್ಳಂದೂರಿನಲ್ಲಿ ಅಂಗಡಿ ಇಟ್ಟವನು. ಅಲ್ಲಿನ ಕಚೇರಿಗಳಿಗೂ ಬಹುಮಹಡಿ ಮನೆಗಳಿಗೂ ನಾನು ಅತಿ ಹೆಚ್ಚು ಕಟ್ಟಿಕೊಟ್ಟಿರುವುದು ಒಂದೇ ಚಿತ್ರದ ಮುದ್ರಿತ ಪ್ರತಿಗಳನ್ನು. ಅದು ಫ್ರಾನ್ಸಿನ ಕ್ಲೋದ್ ಮೊನೆ 1899ರಲ್ಲಿ ಬರೆದ ನೈದಿಲೆಯ ಕೊಳ. ಅದರ ಮೇಲೊಂದು ಬಾಗಿದ ಮರದ ಸೇತುವೆ.

ಮೊನೆ ಮತ್ತು ಅವರ ಗೆಳೆಯರನ್ನು ಇಂಪ್ರೆಷನಿಸ್ಟರೆಂದು ಕರೆಯುತ್ತಾರೆ. ಬಯಲಿನಲ್ಲಿ ನಿಂತು, ಗಳಿಗೆ ಗಳಿಗೆಗೂ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹವಣಿಸಿದವರು ಅವರು. 1874ರಲ್ಲಿ ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ನಕ್ಕವರೇ ಹೆಚ್ಚು.

ನಾನು ಹೇಳಿದ ಚಿತ್ರದ ಮೂಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಎತ್ತರ ಸುಮಾರು ಮೂರಡಿ, ಅಗಲ ಎರಡೂವರೆ ಅಡಿಗೂ ತುಸು ಕಡಿಮೆ. ನಮ್ಮ ಗಿರಾಕಿಗಳಿಗೆ ಸೋಫಾದ ಮೇಲ್ಗಡೆ ಆರಡಿ ಅಗಲದ ಚಿತ್ರ ಬೇಕು. ಆದ್ದರಿಂದ ಮೇಲಿನ ಮರಗಳನ್ನೂ ಕೆಳಗಿನ ನೀರನ್ನೂ ಕತ್ತರಿಸಿ, ಕ್ಯಾನ್ವಾಸಿನ ಮೇಲೆ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ ಕೊಡುತ್ತೇವೆ. ಸೋಫಾದ ಬಣ್ಣಕ್ಕೆ ಹೊಂದುವಂತೆ ಹಸಿರನ್ನು ನೀಲಿಯತ್ತ ತಿರುಗಿಸಿದ್ದೂ ಉಂಟು. ಮೂಲದಲ್ಲಿ ಬಣ್ಣ ದಪ್ಪನಾಗಿ ನಿಂತಿದ್ದು, ಪಕ್ಕದಿಂದ ಬೆಳಕು ಬಿದ್ದಾಗ ತನ್ನದೇ ನೆರಳು ಚೆಲ್ಲುತ್ತದೆ. ನಮ್ಮ ಪ್ರತಿ ನುಣುಪು. ಆದರೂ ಪ್ರತಿಯನ್ನು ನಾನು ಹೀಗಳೆಯಲಾರೆ. ನ್ಯೂಯಾರ್ಕಿಗೆ ಹೋಗಲಾರದ ನಾನು ಮೊನೆಯನ್ನು ಕಂಡದ್ದು ಪ್ರತಿಗಳಲ್ಲಿಯೇ.

ಎಲ್ಲ ಬಿಟ್ಟು ಮೊನೆಯೇ ಏಕೆ? ಅವರು ತೀರಿಕೊಂಡದ್ದು 1926ರಲ್ಲಿ. ಕೃತಿಸ್ವಾಮ್ಯ ಎಂದೋ ಮುಗಿದಿದೆ. ಸಾಲದ್ದಕ್ಕೆ 2017ರ ಫೆಬ್ರವರಿ ಮೊದಲ ವಾರದಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯವು ಸ್ವಾಮ್ಯವಿಲ್ಲದ ತನ್ನ ಕೃತಿಗಳ ಛಾಯಾಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟಿತು. ಅದೇ ಫೆಬ್ರವರಿ 16ರಂದು ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು.

ಕೆರೆಗೆ ಬೆಂಕಿ! ನೀವು ನಗಬೇಡಿ. ಸುಮಾರು ಒಂಬೈನೂರು ಎಕರೆಯ, ಬೆಂಗಳೂರಿನ ಅತಿ ದೊಡ್ಡ ಕೆರೆ ಅದು. ಶುದ್ಧೀಕರಿಸದ ಕೊಳಚೆಯೂ ಸಾಬೂನುಪುಡಿಯ ರಾಸಾಯನಿಕಗಳೂ ಸೇರಿದ ನೀರು ಕೋಡಿಯಲ್ಲಿ ಧುಮುಕಿದಾಗ ನೊರೆಯೆದ್ದು ರಸ್ತೆಗೆ ಹಾರುತ್ತಿತ್ತು. 2015ರಲ್ಲಿ ಆ ನೊರೆಯೇ ಹೊತ್ತಿಕೊಂಡಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ; ಆರಿಸಲು ಸಾವಿರಾರು ಸೈನಿಕರು ಬಂದರು. ಅಂಥದೊಂದು ದಿನ ಕೆರೆಯತ್ತ ಮುಖ ಮಾಡಿದ ಕಚೇರಿಯೊಂದರಲ್ಲಿ ನಾನು ಮೊನೆಯ ಕೊಳವನ್ನು ಗೋಡೆಗೆ ತೂಗುಹಾಕುತ್ತಿದ್ದೆ. ಹೊಗೆ ಬಾರದಿರಲೆಂದು ಕಿಟಕಿಗಳನ್ನು ಮುಚ್ಚಿದ್ದರು. ನೆಲ ಒರೆಸುತ್ತಿದ್ದ ಹೆಂಗಸು ಕೇಳಿದರು: “ಇದು ಯಾವೂರ ಕೆರೆ ಅಣ್ಣ?”

ಅಂದು ಉತ್ತರ ತಿಳಿದಿರಲಿಲ್ಲ. ಆಮೇಲೆ ಓದಿ ತಿಳಿದೆ. ಅದು ಊರ ಕೆರೆಯಲ್ಲ. 1893ರಲ್ಲಿ ಮೊನೆ ಜಿವರ್ನಿ ಎಂಬ ಹಳ್ಳಿಯಲ್ಲಿ ತಮ್ಮ ಮನೆಯೆದುರಿನ ಜಾಗವನ್ನು ಕೊಂಡು ತೋಡಿಸಿದ ಕೊಳ. ಅದಕ್ಕೆ ಎಪ್ಟ್ ಎಂಬ ಹೊಳೆಯ ಕವಲಿನಿಂದ ನೀರು ತಿರುಗಿಸಲು ಸರ್ಕಾರದ ಅಪ್ಪಣೆ ಬೇಕಾಯಿತು. ಹಳ್ಳಿಯವರು ತಕರಾರು ತೆಗೆದರು. ಪರದೇಶದ ಗಿಡಗಳು ನೀರನ್ನು ಕೆಡಿಸಿದರೆ ಕೆಳಗೆ ಬಟ್ಟೆ ಒಗೆಯುವವರ, ದನ ಕುಡಿಸುವವರ ಗತಿಯೇನು ಎಂಬುದು ಅವರ ಭಯ. ಮೊನೆಗೆ ಸಿಟ್ಟು ಬಂತು. ಕಡೆಗೆ ಅಪ್ಪಣೆಯೂ ಸಿಕ್ಕಿತು. ನನಗೇನೋ ಆ ಹಳ್ಳಿಯವರ ಪ್ರಶ್ನೆ ತಪ್ಪೆನಿಸುವುದಿಲ್ಲ. ಬೆಳ್ಳಂದೂರನ್ನು ಹೊದ್ದುಕೊಂಡಿದ್ದ ನೇರಳೆ ಹೂವಿನ ಜಲಕಳೆಯೂ ಹೂವಿನ ಚೆಂದಕ್ಕೆಂದೇ ದಕ್ಷಿಣ ಅಮೆರಿಕದಿಂದ ತಂದದ್ದಲ್ಲವೇ?

ಆದರೆ ಮೊನೆ ಆ ಕೊಳವನ್ನು ನೋಡಿಕೊಂಡ ಬಗೆ ಬೇರೆ. ನೈದಿಲೆಗಳನ್ನು ಶುಚಿಯಾಗಿಡಲು ದೋಣಿಯಲ್ಲಿ ಮಾಲಿಯೊಬ್ಬನಿದ್ದ. ಎಲೆಗಳ ಮೇಲೆ ಧೂಳು ಕೂರದಿರಲೆಂದು ಪಕ್ಕದ ರಸ್ತೆಗೆ ತಮ್ಮ ಹಣದಿಂದ ಟಾರು ಹಾಕಿಸಿದರು. ಸುಮಾರು ಮೂವತ್ತು ವರ್ಷ ಅದನ್ನೇ ನೋಡಿ ನೋಡಿ ಇನ್ನೂರೈವತ್ತರಷ್ಟು ನೈದಿಲೆಯ ಚಿತ್ರಗಳನ್ನು ಬರೆದರು. ಕತ್ತರಿಸಿದ ಆರಡಿಯ ಪ್ರತಿಯಲ್ಲಿ ಆ ಟಾರಾಗಲಿ, ಮಾಲಿಯಾಗಲಿ, ತಕರಾರಾಗಲಿ ಕಾಣುವುದಿಲ್ಲ.

ನಮ್ಮಲ್ಲಿಯೂ ಬಯಲಿನಲ್ಲಿ ನಿಂತು ಬರೆದವರಿದ್ದರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಉರಿಬಿಸಿಲಿನ ಬಣ್ಣಗಳಲ್ಲಿ ಬರೆದರು. ಅವರು ತೀರಿಕೊಂಡದ್ದು 1988ರಲ್ಲಿ. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯ ಇನ್ನೂ ಅರವತ್ತು ವರ್ಷ, ಎಂದರೆ 2048ರ ಕೊನೆಯವರೆಗೆ. ಅದು ನ್ಯಾಯವೇ. ಆದರೆ ಅನುಮತಿ ಕೇಳುವ ತಾಳ್ಮೆ ಯಾವ ಗಿರಾಕಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಈಗ ಇಲ್ಲಿಯದೇ ಹೋಮ್‌ಸ್ಟೇಯೊಂದರವರು ಅದೇ ನೈದಿಲೆಯ ಕೊಳದ ಹನ್ನೆರಡು ಪ್ರತಿಗಳನ್ನು ಕೇಳಿದ್ದಾರೆ. ಆ ಮನೆಯ ಹಿಂದೆಯೇ ಕೆರೆಯಿದೆ. ಹೊಸ ಕೊಠಡಿಗಳ ಬಚ್ಚಲು ನೀರಿನ ಕೊಳವೆ ಅದರ ದಂಡೆಯವರೆಗೆ ಬಂದಿರುವುದನ್ನು ನಿನ್ನೆ ನೋಡಿದೆ. ಪ್ರತಿಗಳಿಗೆ ಇನ್ನೂ ಒಪ್ಪಿಕೊಂಡಿಲ್ಲ. ಕಾಗದ, ಬಣ್ಣ ತಂದಿದ್ದೇನೆ. ಬರುವವರು ನಾಳೆ ಬೆಳಿಗ್ಗೆ ಆರಕ್ಕೆ ಆ ದಂಡೆಗೆ ಬನ್ನಿ. ಕೆರೆಯನ್ನೂ ಬರೆಯೋಣ, ಕೊಳವೆಯನ್ನೂ ಬರೆಯೋಣ. ಆ ಮನೆಯ ಯಜಮಾನರನ್ನೂ ಕರೆದಿದ್ದೇನೆ, ಬರುತ್ತೇನೆಂದಿದ್ದಾರೆ.